ಬೋಗುಣಿಯ ಕಿವಿಯ ಕೆಳಗೆ

ಆಯಿ ಹಿಟ್ಟಿನ ಡಬ್ಬಿಯ ಮುಚ್ಚಳ ಹಾಕುವ ಮೊದಲು ಹಿಟ್ಟಿನ ಮೇಲೆ ತನ್ನ ಅಂಗೈ ಒತ್ತುತ್ತಿದ್ದಳು. ಐದು ಬೆರಳೂ ಮೂಡುವ ಹಾಗೆ, ನಿಧಾನವಾಗಿ. ಮರುದಿನ ಬೆಳಿಗ್ಗೆ ಡಬ್ಬಿಯನ್ನು ಬೆಳಕಿಂಡಿಯ ಕೆಳಗೆ ಎಳೆದುಕೊಂಡು ಮುಚ್ಚಳ ತೆಗೆದು, ಬೆರಳುಗಳು ಇದ್ದಲ್ಲೇ ಇವೆಯೋ ಇಲ್ಲವೋ ಎಂದು ನೋಡುತ್ತಿದ್ದಳು. ಇದ್ದರೆ ಅವಳ ಮುಖ ಸಪ್ಪಗಾಗುತ್ತಿತ್ತು. ಸಕ್ಕರೆ ಚೀಲಕ್ಕೆ ಅವಳು ಹಾಕುವ ಎಡಗೈ ಗಂಟು ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಹಾಲಿನ ಪಾತ್ರೆಗೆ ಜೋಳದ ದಂಟಿನ ಕಡ್ಡಿ ಅದ್ದಿ, ಒದ್ದೆಯಾದಷ್ಟಕ್ಕೆ ಉಗುರಿನಿಂದ ಗುರುತು ಮಾಡಿ, ಆ ಕಡ್ಡಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದಳು. ಯಾರಾದರೂ ಕೇಳಿದರೆ ಒಂದೇ ಉತ್ತರ.

"ನಾ ಯಾರ ಮ್ಯಾಲೂ ಸಂಶೇ ಪಡಂಗಿಲ್ಲವಾ. ಸುಮ್ಮನ ನೋಡ್ಕೋತೀನಿ."

ನಾನೂ ಹಾಗೆಯೇ ಆಗಿದ್ದೇನೆ. ಈಗ ರಾಯಚೂರಿನ ನನ್ನ ಮನೆಯಲ್ಲಿ ಎಣ್ಣೆ ಬಾಟಲಿಯ ಮೇಲೆ ಪೆನ್ನಿನ ಗೆರೆ ಇರುತ್ತದೆ. ಕೆಲಸಕ್ಕೆ ಬರುವ ಹೆಣ್ಣುಮಗಳು ಅದನ್ನು ನೋಡಿ ನಗುತ್ತಾಳೆ, ನಾನೂ ನಗುತ್ತೇನೆ, ಗೆರೆ ಮಾತ್ರ ಎಳೆಯುತ್ತೇನೆ. 'ತಾ ಕಳ್ಳ ಪರರ ನಂಬ' ಎನ್ನುವ ಮಾತು ನನಗೆ ಚೆನ್ನಾಗಿ ಗೊತ್ತು. ನಾನು ಏನು ಕದ್ದಿದ್ದೆ ಎನ್ನುವುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದ ಮನೆ ಮಾನ್ವಿಯಲ್ಲಿತ್ತು. ಮಣ್ಣಿನ ಮಾಳಿಗೆ, ಮುಂದೆ ಪಡಸಾಲೆ, ಹಿಂದೆ ಅಡುಗೆಕೋಣೆ, ಅದರ ನೆತ್ತಿಯಲ್ಲಿ ಒಂದು ಬೆಳಕಿಂಡಿ. ಆ ಕಿಂಡಿಯಿಂದ ಬೀಳುವ ತಟ್ಟೆಯಗಲದ ಬಿಸಿಲು ಒಲೆಯಿಂದ ಬೀಸುಕಲ್ಲಿನವರೆಗೆ ಸರಿದರೆ ಮಧ್ಯಾಹ್ನದ ಊಟದ ಹೊತ್ತು. ಅಪ್ಪನ ತಾಯಿಯೇ ಆಯಿ. ದೊಡ್ಡಪ್ಪ, ದೊಡ್ಡವ್ವ, ಅವರ ಮಗಳು ಮಹಾದೇವಿ. ಅಪ್ಪ, ಅವ್ವ, ನಾನು. ಅಪ್ಪ ರೈಸ್‌ಮಿಲ್ಲಿನಲ್ಲಿ ಗುಮಾಸ್ತ. ದೊಡ್ಡವ್ವ ಯಾಪಲದಿನ್ನಿಯವಳು, ಗಟ್ಟಿ ದನಿಯವಳು. ಅವ್ವ ದೇವದುರ್ಗದವಳು, ದನಿಯೇ ಇಲ್ಲದವಳು. ಇಬ್ಬರೂ ಒಂದೇ ಒಲೆಯ ಮುಂದೆ ಎದುರುಬದುರು ಕೂತು ರೊಟ್ಟಿ ಬಡಿಯುವಾಗ, ತನ್ನ ರೊಟ್ಟಿ ಯಾರ ತಾಟಿಗೆ ಹೋಯಿತು ಎಂದು ಇಬ್ಬರೂ ಓರೆಗಣ್ಣಿನಲ್ಲಿ ನೋಡುತ್ತಿದ್ದರು. ಪುಂಡಿಪಲ್ಯದಲ್ಲಿ ಉಪ್ಪು ಜಾಸ್ತಿಯಾದರೆ ಯಾರೂ 'ಉಪ್ಪು ಜಾಸ್ತಿ' ಎನ್ನುತ್ತಿರಲಿಲ್ಲ. 'ಇವತ್ತ ಪಲ್ಯಾ ಯಾರ ಕೈಯಾಗಿತ್ತು?' ಎಂದು ಕೇಳುತ್ತಿದ್ದರು. ಆ ಮನೆಯಲ್ಲಿ ಎಲ್ಲ ಪ್ರಶ್ನೆಯೂ 'ಯಾರು' ಎಂದೇ ಶುರುವಾಗುತ್ತಿತ್ತು.

ಐದನೇ ಇಯತ್ತೆಯಲ್ಲಿ ನನಗೆ ಇಂಗ್ಲಿಷ್ ಶುರುವಾಯಿತು. ನಮ್ಮ ಇಂಗ್ಲಿಷ್ ಸರ್ ಸಣ್ಣ ಕಡ್ಡಿಯಂಥ ಮನುಷ್ಯ, ಕೈಯಲ್ಲೂ ಸದಾ ಒಂದು ಕಡ್ಡಿ. 'ನನ್ನ ತಾಯಿ ಅಡುಗೆ ಮಾಡುತ್ತಾಳೆ' ಎನ್ನುವುದನ್ನು ಇಂಗ್ಲಿಷಿಗೆ ತಿರುಗಿಸಿ ಎಂದಾಗ ನಾನು 'ಅವರ್ ಮದರ್' ಎಂದು ಬರೆದೆ. ಮಹಾದೇವಿಯೂ ಅದನ್ನೇ ಬರೆದಿದ್ದಳು. ನಾವು ಯಾವಾಗ 'ನನ್ನವ್ವ' ಎಂದಿದ್ದೆವು? ನಮ್ಮವ್ವ, ನಮ್ಮ ಮನಿ, ನಮ್ಮಾಯಿ, ಕೊನೆಗೆ ನಮ್ಮ ಹೊಟ್ಟಿ ನೋಯಾಕತ್ತದ. ಸರ್ ನಮ್ಮಿಬ್ಬರನ್ನೂ ಎಬ್ಬಿಸಿ ನಿಲ್ಲಿಸಿದರು.

"ಎಷ್ಟು ಮಂದಿಗೆ ತಾಯಿ ಆಕಿ? ಇಡೀ ಮಾನ್ವಿಗೇನು? ಮೈ ಅನ್ರಿ. ಮೈ ಮದರ್. ನಾಚ್ಕಿ ಆಗ್ತದೇನು ಹೇಳಾಕ?"

ನಿಜವಾಗಿಯೂ ನಾಚಿಕೆಯಾಗುತ್ತಿತ್ತು. ನನ್ನದು ಎಂದು ಒಬ್ಬಳೇ ಬಾಯಿ ಬಿಡುವುದು, ಎಲ್ಲರೂ ಊಟಕ್ಕೆ ಕೂತಾಗ ಒಬ್ಬಳೇ ಎದ್ದು ಬಡಿಸಿಕೊಂಡ ಹಾಗೆ. ಆದರೆ ಆ ನಾಚಿಕೆ ಹೆಚ್ಚು ದಿನ ಉಳಿಯಲಿಲ್ಲ. ಮೈ, ಮೈನ್, ಯುವರ್, ಯುವರ್ಸ್ ಎಂದು ಸರ್ ಬೋರ್ಡಿನ ಮೇಲೆ ಬರೆದರು. ಆಮೇಲೆ ಹೆಸರುಗಳಿಗೆ ಬಂದರು. ಹೆಸರು ಬರೆ, ಅದರ ತುದಿಗೆ ಮೇಲೊಂದು ಕೊಕ್ಕೆ ಹಾಕು, ಪಕ್ಕದಲ್ಲಿ ಎಸ್ ಬರೆ, ಮುಗಿಯಿತು, ಆ ವಸ್ತು ಅವರದೇ. ನನಗೆ ಅದು ಬಹಳ ಹಿಡಿಸಿತು. ನಮ್ಮ ಮನೆಯಲ್ಲಿ ದಿನವಿಡೀ ನಡೆಯುವ ಜಗಳವೆಲ್ಲ ಒಂದು ಕೊಕ್ಕೆಯಿಂದ ಮುಗಿಯುವ ಸಂಗತಿ ಎಂದು ಅನಿಸಿತು. ಹನ್ನೊಂದು ವರ್ಷದ ಬುದ್ಧಿ, ಏನು ಹೇಳುವುದು.

ಮನೆಗೆ ಬಂದವಳೇ ನೋಟ್‌ಬುಕ್ಕಿನ ಹಾಳೆಯನ್ನು ಚೂರು ಚೂರು ಮಾಡಿ, ಅನ್ನದ ಅಗುಳಿನಿಂದ ಅಂಟಿಸುತ್ತ ಹೋದೆ. ಅಪ್ಪನ ಸೈಕಲ್ಲಿಗೆ 'ಫಾದರ್ಸ್ ಸೈಕಲ್'. ದೊಡ್ಡಪ್ಪನ ಛತ್ರಿಗೆ, ದೊಡ್ಡವ್ವನ ಟ್ರಂಕಿಗೆ, ಆಯಿಯ ಮಂಚಕ್ಕೆ, ಎಲ್ಲಕ್ಕೂ. ಕೈಯಲ್ಲಿ 'ಮದರ್ಸ್' ಎಂದು ಬರೆದ ಚೀಟಿಯೊಂದು ಉಳಿಯಿತು. ಮನೆಯೆಲ್ಲ ತಿರುಗಿದೆ. ಅವ್ವನದು ಎಂದು ಅಂಟಿಸಲು ಏನೂ ಸಿಗಲಿಲ್ಲ. ಆ ಚೀಟಿ ಹಿಡಿದು ನಿಂತಿರುವಾಗಲೇ ಆಯಿ ಪಡಸಾಲೆಯಿಂದ ಕೂಗಿದಳು.

"ನನ್ನ ಮಂಚಕ್ಕ ಏನ ಹಚ್ಚೀರಿ? ಯಾವ ಸರ್ಕಾರದ್ದು ಇದು ನೋಟೀಸು?"

ನಾನು ಅರ್ಥ ಹೇಳಿದೆ. ಆಯಿಗೆ ಸಿಟ್ಟು ನೆತ್ತಿಗೇರಿತು. "ಮಂಚಕ್ಕ ನನ್ನ ಹೆಸರು ಬರೀತೀಯಂದ್ರ ಉಳಿದದ್ದೆಲ್ಲ ನಂದಲ್ಲ ಅಂತಾತು. ಹೌದಿಲ್ಲೊ? ಯಾರು ಕಲಿಸ್ಯಾರ ನಿನಗ ಇದನ್ನ? ನಿಮ್ಮವ್ವ ಕಲಿಸ್ಯಾಳ?" ಎಂದು ಅವ್ವನ ಕಡೆ ತಿರುಗಿದಳು. ಅವ್ವ ಸಾಲಿಯ ಮೆಟ್ಟಿಲನ್ನೇ ಹತ್ತಿದವಳಲ್ಲ. ಆಯಿ ಚೀಟಿಗಳನ್ನೆಲ್ಲ ಕಿತ್ತು ಒಲೆಗೆ ಹಾಕಿ, ನನ್ನ ಮುಂದೆ ಬೆರಳು ಎತ್ತಿ ಹೇಳಿದಳು.

"ಮನಿ ಒಡಿಯೋ ವಿದ್ಯಾ ಇದು. ಇನ್ನೊಮ್ಮೆ ಈ ಮನಿಯಾಗ ಒಂದ ಇಂಗ್ಲಿಷ್ ಅಕ್ಷರ ಎಲ್ಲ್ಯಾರ ಕಂಡ್ರ, ಅವತ್ತಿಗೆ ನಿನ್ನ ಸಾಲಿ ಬಂದ್. ದನಾ ಕಾಯಾಕ ಹಚ್ಚತೀನಿ."

ಆಯಿ ಹೇಳಿದ್ದನ್ನು ಮಾಡುವವಳು. ಅವಳ ಮಾತಿಗೆ ಅಪ್ಪ, ದೊಡ್ಡಪ್ಪ ಇಬ್ಬರೂ ತಲೆ ಎತ್ತುತ್ತಿರಲಿಲ್ಲ. ಆ ವಾರವೆಲ್ಲ ನಾನು ಇಂಗ್ಲಿಷ್ ಪುಸ್ತಕವನ್ನು ಗಣಿತದ ಪುಸ್ತಕದೊಳಗೆ ಇಟ್ಟು ಓದಿದೆ.

ಆ ಬೇಸಿಗೆಯಲ್ಲಿ, ನನಗೆ ಬುದ್ಧಿ ಬಂದ ಮೇಲೆ ಮೊದಲ ಸಲ, ಅವ್ವ ನನ್ನನ್ನು ದೇವದುರ್ಗಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಅವಳ ತಾಯಿ, ನನ್ನ ದೇವದುರ್ಗದ ಅಮ್ಮ, ಬಾಗಿಲಲ್ಲೇ ನಿಂತು "ಬಾರs ನೀಲಾ, ಸೊರಗೀಯಲ್ಲs ನೀಲಾ" ಎಂದಳು. ನನಗೆ ದಿಗಿಲಾಯಿತು. ಮಾನ್ವಿಯಲ್ಲಿ ಅವ್ವನ ಹೆಸರು ಗಿರಿಜವ್ವ. ಎಲ್ಲರೂ ಗಿರಿಜಾ ಎಂದೇ ಕರೆಯುತ್ತಿದ್ದದ್ದು. ಈ ನೀಲಾ ಯಾರು? ಒಬ್ಬ ಹೆಂಗಸಿಗೆ ಎರಡು ಹೆಸರಿದ್ದರೆ ಅವಳು ಏನೋ ಮುಚ್ಚಿಟ್ಟಿದ್ದಾಳೆ ಎಂದು ನನಗೆ ಅನುಮಾನ ಹುಟ್ಟಿತು. ಅಮ್ಮನನ್ನು ಕೇಳಿದೆ.

"ನಾವಿಟ್ಟ ಹೆಸರು ನೀಲಮ್ಮ. ಅಲ್ಲಿ ಹೋದ ಮ್ಯಾಲೆ ಬದ್ಲಿ ಮಾಡ್ಯಾರ. ಇರಲಿ ಬಿಡವಾ, ಕೊಟ್ಟ ಹೆಣ್ಣು" ಎಂದಳು. ಯಾಕೆ ಬದಲು ಮಾಡಿದರು ಎನ್ನುವುದನ್ನು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ನಾನು ಆಗ ಕೇಳಿದ್ದು ಬೋಗುಣಿಯ ಸಂಗತಿ. ಮಾನ್ವಿಯ ಅಡುಗೆಕೋಣೆಯಲ್ಲಿ ಒಂದು ದೊಡ್ಡ ಹಿತ್ತಾಳೆಯ ಬೋಗುಣಿ ಇತ್ತು, ಎರಡು ಕಿವಿಯದು. ಹೋಳಿಗೆಯ ದಿನ ಕಟ್ಟಿನ ಸಾರು ಅದರಲ್ಲೇ ಕುದಿಯಬೇಕು. ಬೇರೆಯದರಲ್ಲಿ ಮಾಡಿದರೆ ದೊಡ್ಡಪ್ಪನಿಗೂ ಗೊತ್ತಾಗುತ್ತಿತ್ತು. ಅದನ್ನು ಮದುವೆಯಲ್ಲಿ ಅವ್ವನಿಗೆ ಕೊಟ್ಟದ್ದು ತಾನೇ ಎಂದಳು ಅಮ್ಮ. ಮತ್ತೆ ಅದರ ಮೇಲೆ ಹೆಸರು ಯಾಕಿಲ್ಲ? ದೊಡ್ಡವ್ವ ಯಾಪಲದಿನ್ನಿಯಿಂದ ತಂದ ಒಂದೊಂದು ಚೆರಿಗೆ, ಒಂದೊಂದು ತಾಟಿನ ಮೇಲೂ ಚುಕ್ಕಿ ಚುಕ್ಕಿಯಾಗಿ ಹೆಸರು ಕೆತ್ತಿಸಿದ್ದರು. ಉಪ್ಪಿನಕಾಯಿಯ ಚಮಚೆಯನ್ನೂ ಬಿಟ್ಟಿರಲಿಲ್ಲ.

"ಮಗಳನ್ನs ಹೆಸರು ಅಳಿಸಿ ಕೊಟ್ಟೀನಿ, ಬೋಗಾಣಿಗ್ಯಾಕವಾ ಹೆಸರು?" ಎಂದು ಅಮ್ಮ ನಕ್ಕಳು. "ಹೆಸರು ಬರೆಸಿ ಕೊಟ್ರ ಕಡಾ ಕೊಟ್ಟಂಗ. ನಾವು ಕೊಟ್ಟೀವಿ, ಕೊಟ್ಟೀವಿ."

ಅವಳು ನಕ್ಕದ್ದು ನನಗೆ ಹಿಡಿಸಲಿಲ್ಲ. ಮಾನ್ವಿಯ ಆ ಮನೆಯಲ್ಲಿ ಹೆಸರಿಲ್ಲದ ವಸ್ತು ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಹೊತ್ತಿಗಾಗಲೇ ಬೇರೆಯಾಗುವ ಮಾತು ಗೋಡೆಗಳಲ್ಲಿ ಓಡಾಡುತ್ತಿತ್ತು. ದೊಡ್ಡವ್ವ ಬೋಗುಣಿಯನ್ನು 'ಮನಿ ಬೋಗಾಣಿ' ಎಂದು ಕರೆಯಲು ಶುರುಮಾಡಿದ್ದಳು. ಮೊದಲು ಬರೀ 'ಬೋಗಾಣಿ' ಇತ್ತು. ಆ 'ಮನಿ' ಎಲ್ಲಿಂದ ಬಂತು?

ಮಾನ್ವಿಗೆ ಮರಳಿದ ಮೇಲೆ ಒಂದು ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾಗಿದ್ದಾಗ, ಒಂದು ಮೊಳೆ ಮತ್ತು ಕಲ್ಲು ತೆಗೆದುಕೊಂಡು ಅಡುಗೆಕೋಣೆಗೆ ಹೋದೆ. ನೋಟ್‌ಬುಕ್ಕಿನ ಒಂದು ಪುಟದ ತುಂಬ ಮೊದಲೇ ಬರೆದು ಕೈ ಕೂಡಿಸಿಕೊಂಡಿದ್ದೆ. ಬೋಗುಣಿಯನ್ನು ಮಡಿಲಲ್ಲಿ ಮಗ್ಗುಲಾಗಿ ಇಟ್ಟುಕೊಂಡು, ಕಿವಿಯ ಕೆಳಗೆ ಮಸಿ ಹತ್ತದ ಜಾಗದಲ್ಲಿ ಗೀರುತ್ತ ಹೋದೆ. ಹಿತ್ತಾಳೆ ಜಾರುತ್ತಿತ್ತು. ಎರಡು ಸಲ ಮೊಳೆ ತಪ್ಪಿ ಎಡಗೈ ಹೆಬ್ಬೆರಳಿನ ಬುಡ ಹರಿಯಿತು. ನೀಲಮ್ಮ ಎಂದು ಇಂಗ್ಲಿಷಿನಲ್ಲಿ ಬರೆದು, ಕೊಕ್ಕೆಯನ್ನು ಮೊಳೆಯ ಮೇಲೆ ಕಲ್ಲಿನ ಒಂದೇ ಏಟಿಗೆ ಕೂರಿಸಿ, ಎಸ್ ಬರೆದೆ. ಇಂಗ್ಲಿಷಿನಲ್ಲಿ ಯಾಕೆ ಎಂದರೆ, ಆಯಿಗೂ ದೊಡ್ಡವ್ವನಿಗೂ ಓದಲು ಬರಬಾರದು, ಬೇಕಾದಾಗ ನಾನು ತೋರಿಸಬೇಕು. ನೀಲಮ್ಮ ಯಾಕೆ ಎಂದರೆ, ಅದು ಬೋಗುಣಿ ಕೊಟ್ಟವರು ಇಟ್ಟ ಹೆಸರು. ಎಲ್ಲ ಸರಿಯಾಗಿಯೇ ಲೆಕ್ಕ ಹಾಕಿದ್ದೆ. ಅವ್ವ ಎದ್ದು ಬಂದಾಗ ಕೈ ಬಾಗಿಲಿಗೆ ಸಿಕ್ಕಿತು ಎಂದೆ. ಅವಳು ಅರಿಷಿಣ ಒತ್ತಿ, ಹಳೇ ಸೀರೆಯ ಚಿಂದಿ ಕಟ್ಟಿದಳು.

ನಾಲ್ಕೈದು ದಿನಗಳ ಮೇಲೆ ನೋಟ್‌ಬುಕ್ ತೆಗೆದರೆ ಆ ಪುಟವೇ ಇಲ್ಲ. ಹೊಲಿಗೆಯ ಹತ್ತಿರ ನೀಟಾಗಿ ಹರಿದಿದ್ದರು. ಅಪ್ಪನನ್ನು ಬಿಟ್ಟರೆ ಆ ಮನೆಯಲ್ಲಿ ಇಂಗ್ಲಿಷ್ ಅಕ್ಷರ ಗೊತ್ತಿದ್ದ ಇನ್ನೊಬ್ಬಳು ಮಹಾದೇವಿ. ಅವಳನ್ನು ದಿಟ್ಟಿಸಿ ನೋಡಿದೆ. ಅವಳು ಶೇಂಗಾ ತಿನ್ನುತ್ತ "ಏನ್ ಬೇ, ಹಂಗ್ಯಾಕ ನೋಡ್ತಿ?" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ, ಆ ಮಾತೇ ಸಾಕಾಯಿತು ನನಗೆ. ಪುಟ ಇವಳ ಹತ್ತಿರವೇ ಇದೆ, ಆಯಿಗೆ ಕೊಡಲು ಕಾಯುತ್ತಿದ್ದಾಳೆ ಎಂದು ತೀರ್ಮಾನಿಸಿಬಿಟ್ಟೆ. ಅವತ್ತಿನಿಂದ ಅವಳ ಜೊತೆ ಶಾಲೆಗೆ ಹೋಗುವುದನ್ನು ಬಿಟ್ಟೆ.

ಕಾರಹುಣ್ಣಿಮೆ ಕಳೆದ ಮೇಲೆ ಮನೆ ಬೇರೆಯಾಯಿತು. ಆಯಿಯ ತಮ್ಮ, ನೀರಮಾನ್ವಿಯ ಮಾವ, ಹಿರಿಯ ಎಂದು ಬಂದು ಪಡಸಾಲೆಯಲ್ಲಿ ಕಂಬಳಿಯ ಮೇಲೆ ಕೂತ. ಆಯಿ ದೊಡ್ಡಪ್ಪನ ಜೊತೆ ಆ ಮನೆಯಲ್ಲೇ ಇರುವುದು, ನಾವು ಬಸ್‌ಸ್ಟ್ಯಾಂಡಿನ ಹತ್ತಿರ ಎರಡು ಕೋಣೆಯ ಬಾಡಿಗೆ ಮನೆಗೆ ಹೋಗುವುದು ಎಂದು ಮೊದಲೇ ಆಗಿತ್ತು. ಹೊಲದ ಮಾತು ಹತ್ತು ನಿಮಿಷದಲ್ಲಿ ಮುಗಿಯಿತು. ಪಾತ್ರೆಗಳ ಮಾತು ಮಧ್ಯಾಹ್ನದವರೆಗೆ ನಡೆಯಿತು. ನಿಯಮ ಸರಳ: ತವರಿನಿಂದ ತಂದದ್ದು ತಂದವಳಿಗೆ, ಉಳಿದದ್ದರಲ್ಲಿ ಪಾಲು. ದೊಡ್ಡವ್ವನ ಹೆಸರಿನ ಪಾತ್ರೆಗಳೆಲ್ಲ ಒಂದು ಕಡೆ ಗುಡ್ಡೆಯಾದವು. ಬೋಗುಣಿ ನಡುವೆ ಉಳಿಯಿತು.

"ಅದು ದೇವದುರ್ಗದ್ದು" ಎಂದ ಅಪ್ಪ, ನೆಲ ನೋಡುತ್ತ.

"ಹೆಸರೆಲ್ಲದ?" ಎಂದಳು ದೊಡ್ಡವ್ವ. "ನಾ ಬಂದಾಗಿಂದ ಈ ಮನಿ ಬೋಗಾಣಿ ಅದು."

ದೊಡ್ಡವ್ವ ಬಂದದ್ದು ಅವ್ವನಿಗಿಂತ ನಾಲ್ಕು ವರ್ಷ ಮೊದಲು. ಬಂದಾಗ ಬೋಗುಣಿ ಇತ್ತೋ ಇಲ್ಲವೋ, ಹೇಳುವವರು ಯಾರು? ಆಗ ಓಣಿಯಲ್ಲಿ ಕಲಾಯಿ ಖಾಜಾಸಾಬನ ಕೂಗು ಕೇಳಿಸಿತು. ಮಾನ್ವಿ, ದೇವದುರ್ಗ ಎರಡೂ ಕಡೆ ತಿರುಗಿ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ ಮುದುಕ. ಅಕ್ಷರ ಬಾರದ ಅವನಿಗೆ ಯಾವ ಪಾತ್ರೆ ಯಾವ ಮನೆಯದು ಎನ್ನುವುದು ತಗ್ಗು, ಬೆಸುಗೆ ಮುಟ್ಟಿದರೇ ಗೊತ್ತಾಗುತ್ತಿತ್ತು. ಮಾವ ಅವನನ್ನು ಒಳಗೆ ಕರೆಸಿದ. ಖಾಜಾಸಾಬ್ ಬೋಗುಣಿಯನ್ನು ತಿರುಗಿಸಿ ನೋಡಿ, ಕಿವಿ ಮುಟ್ಟಿ, ಖುಷಿಯಾದ.

"ಅರೇ, ಇದು ದೇವದುರ್ಗದ ಬರ್ತನ ಅಲ್ಲೇನ್ರೀ! ಈ ಕಾನ್ ಮುರಿದಿತ್ತು, ನಾನs ಜೋಡಿಸೀನಿ. ಈ ಸಣ್ಣ ಸೊಸಿದು ಶಾದಿ ಮುಂದ. ಅಲ್ಲಾನ ಆಣಿ ಮಾಡಿ ಹೇಳ್ತೀನಿ."

ನನ್ನ ಜೀವ ತಂಪಾಯಿತು. ಆದರೆ ಆಯಿ ಕಣ್ಣು ಸಣ್ಣ ಮಾಡಿಕೊಂಡು ಅವನನ್ನೇ ನೋಡುತ್ತಿದ್ದಳು.

"ಕೇಳೋದ್ರಾಗs ಆಣಿ ಮಾಡಿದೆಲ್ಲ ಖಾಜಾಸಾಬ, ಯಾಕಪ್ಪಾ? ಹ್ವಾದ ಸಲ ಬಂದಾಗ ಗಿರಿಜಾ ನಿನಗ ಎರಡ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಿದ್ದು ನಾ ನೋಡೀನಿ."

"ರೊಟ್ಟಿ ಎಲ್ಲಾರ ಮನಿಯಾಗ ಕೊಡ್ತಾರ್ರಿ ಯವ್ವಾ!"

"ಹಿಂಡಿ ಕೊಡ್ತಾರೇನು?"

ಖಾಜಾಸಾಬ್ ಬೋಗುಣಿಯನ್ನು ಕೆಳಗಿಟ್ಟು, ಮಾವನಿಗೆ ಸಲಾಮು ಮಾಡಿ, ಹೊರಗೆ ಹೋದ. ಅವನಿಗೆ ಅವಮಾನವಾಗಿತ್ತು. ಆಮೇಲೆ ಅವನು ನಮ್ಮ ಓಣಿಗೆ ಬಂದರೂ ಆ ಮನೆಯ ಮುಂದೆ ಕೂಗು ಹಾಕುತ್ತಿರಲಿಲ್ಲ. ಅವನು ಇಟ್ಟ ಬೋಗುಣಿ ಓರೆಯಾಗಿ ಬಾಗಿಲಿನಿಂದ ಬಂದ ಬಿಸಿಲಿಗೆ ಬಿದ್ದಿತ್ತು. ಅಷ್ಟರಲ್ಲಿ ಮಹಾದೇವಿ ಬಗ್ಗಿ ನೋಡಿದಳು.

"ಆಯಿ, ಇಲ್ಲಿ ಕಿವಿ ಕೆಳಗ ಇಂಗ್ಲಿಷ್‌ನ್ಯಾಗ ಏನೋ ಬರದದ!"

ಆಯಿ ನನ್ನ ಕಡೆ ನೋಡಿದಳು. ಮಾವ ನನ್ನನ್ನು ಹತ್ತಿರ ಕರೆದು, "ಓದವಾ, ನೀ ಶಾಣ್ಯಾಕಿ" ಎಂದ. ಸಾಲಿ ಬಿಡಿಸುತ್ತಾರೆಂಬ ಹೆದರಿಕೆಯಿತ್ತು. ಆದರೂ ಒಳಗೊಳಗೆ ಸಂತೋಷವೂ ಇತ್ತು. ಬರೆದದ್ದು ಯಾರೆಂದು ಯಾರೂ ಕೇಳುತ್ತಿಲ್ಲ, ಏನೆಂದು ಮಾತ್ರ ಕೇಳುತ್ತಿದ್ದಾರೆ. ಇದಕ್ಕೇ ಅಲ್ಲವೇ ನಾನು ಬರೆದದ್ದು? ಬೋಗುಣಿಯ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಗಟ್ಟಿಯಾಗಿ ಓದಿದೆ.

"ನೀಲಮ್ಮಾಸ್. ಅಂದ್ರ ನೀಲಮ್ಮನದು."

ಮಾವ ತೊಡೆ ತಟ್ಟಿ ನಕ್ಕುಬಿಟ್ಟ. "ಮತ್ಯಾಕ ಜಗಳ? ನೀಲಮ್ಮ ಅಂದ್ರ ನಮ್ಮಕ್ಕ! ಅಕ್ಕಾ, ನಿಂದs ಇದು!"

ಆಯಿಗೂ ಒಂದು ಹೆಸರಿದೆ ಎನ್ನುವುದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಅವಳು ಆಯಿ, ಅಷ್ಟೇ. ಅವಳ ಹೆಸರನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಆ ಒಂದು ಗಳಿಗೆಯಲ್ಲಿ ನನಗೆ ಎಲ್ಲ ತಿಳಿಯಿತು. ಅತ್ತೆಯ ಹೆಸರೂ ಸೊಸೆಯ ಹೆಸರೂ ಒಂದೇ ಆದರೆ ಮನೆಯಲ್ಲಿ ಸೊಸೆಯನ್ನು ಕರೆಯುವುದು ಹೇಗೆ, ಬೈಯುವುದು ಹೇಗೆ? ಅದಕ್ಕೇ ಮದುವೆಯ ದಿನವೇ ಅವ್ವನ ಹೆಸರು ತೆಗೆದು ಗಿರಿಜಾ ಎಂದು ಇಟ್ಟಿದ್ದರು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ತರಬಾರದು. ಹಾಗಾಗಿ ತನ್ನದೇ ಹೆಸರನ್ನು ಅವ್ವ ಆ ಹೊಸ್ತಿಲೊಳಗೆ ಒಂದು ಸಲವೂ ಅಂದಿರಲಿಲ್ಲ. ಈಗಲೂ ಹಿರಿಯರ ಮುಂದೆ ನಿಂತು 'ನೀಲಮ್ಮ ಅಂದರೆ ನಾನು' ಎನ್ನುವ ಹಾಗಿರಲಿಲ್ಲ. ಅಪ್ಪ ಕೆಮ್ಮಿದ. ಅಪ್ಪನಿಗೆ ಗೊತ್ತಿತ್ತಲ್ಲ, ಅಪ್ಪ ಯಾಕೆ ಕೆಮ್ಮಿ ಸುಮ್ಮನಾದ? ನಾನು ಬಾಯಿ ತೆರೆದೆ. 'ಬರೆದವಳು ನಾನು' ಎಂದರೆ ಸಾಕಿತ್ತು. ಆಯಿಯ ಎತ್ತಿದ ಬೆರಳು ನೆನಪಾಯಿತು, ಸಾಲಿ ನೆನಪಾಯಿತು, ಬಾಯಿ ಮುಚ್ಚಿಕೊಂಡೆ.

ಗೆದ್ದ ಆಯಿಗೂ ಸಮಾಧಾನವಿರಲಿಲ್ಲ. "ನಾ ಬರಸಿಲ್ಲಲೇ!" ಎಂದು ತಮ್ಮನ ಮೇಲೆ ಹರಿಹಾಯ್ದಳು. "ನನ್ನ ಹೆಸರು ಯಾರು ಬರದ್ರು? ಯಾಕ ಬರದ್ರು? ಇದರಾಗ ಏನೋ ಅದ." ಆಮೇಲೆ ನಿಧಾನವಾಗಿ ಅವ್ವನ ಕಡೆ ತಿರುಗಿದಳು. ಆ ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಸರು ಕಿತ್ತುಕೊಂಡವಳಿಗೆ ಕಿತ್ತುಕೊಂಡದ್ದು ನೆನಪಾಯಿತೋ ಇಲ್ಲವೋ, ಎಷ್ಟು ಸಲ ಯೋಚಿಸಿದರೂ ನನಗೆ ತಿಳಿದಿಲ್ಲ. ನೆನಪಾಗಿತ್ತು ಎಂದೇ ನನ್ನ ಗುಮಾನಿ.

"ಗಿರಿಜಾ. ಇದು ನಿಂದೋ ನಂದೋ? ಬಾಯಿ ಬಿಡು."

ಅವ್ವ ಸೆರಗು ಸರಿಮಾಡಿಕೊಂಡಳು. "ಬರದದ್ದು ಓದ್ಯಾಳಲ್ರೀ ಅತ್ತಿ. ನಿಮ್ದs."

ಇಷ್ಟು ಸಲೀಸಾಗಿ ಬಿಟ್ಟಳೆಂದರೆ ಏನನ್ನೋ ದೊಡ್ಡದನ್ನು ಮುಚ್ಚಿಟ್ಟಿರಬೇಕು ಎಂದು ಆಯಿಗೆ ಅನಿಸಿತು. ನಾವು ಗಂಟು ಕಟ್ಟಿಕೊಂಡು ಹೊರಟಾಗ ದೊಡ್ಡವ್ವನಿಗೆ ಹೇಳಿ ಗಂಟನ್ನು ಬಿಚ್ಚಿಸಿ ನೋಡಿದಳು. ಬೋಗುಣಿಯನ್ನು ಅಡುಗೆಗೂ ಕೊಡಲಿಲ್ಲ, ತನ್ನ ಮಂಚದ ಕೆಳಗೆ ಸರಿಸಿ ಇಟ್ಟುಕೊಂಡಳು ಎಂದು ಆಮೇಲೆ ಕೇಳಿದೆವು. ಹೊಸ ಮನೆಯಲ್ಲಿ ಮೊದಲ ಹೋಳಿಗೆಯ ದಿನ ಅವ್ವ ಅಲ್ಯುಮಿನಿಯಂ ಡಬರಿಯಲ್ಲಿ ಸಾರು ಮಾಡಿದಳು. ಅಪ್ಪ ಎರಡು ಸಲ ಹಾಕಿಸಿಕೊಂಡು ಚೆನ್ನಾಗಿದೆ ಎಂದ. ಚೆನ್ನಾಗಿರಲಿಲ್ಲ. ನಾನು ಹೊಟ್ಟೆನೋವು ಎಂದು ಸುಳ್ಳು ಹೇಳಿ ಎದ್ದೆ. ಬೋಗುಣಿಯನ್ನು ಕದ್ದವಳು ನಾನು. ಬಾಯಿ ಮುಚ್ಚಿಕೊಂಡು ಕದ್ದೆ.

ಓದಿದೆ. ವಿಚಿತ್ರ ನೋಡಿ, ಇಂಗ್ಲಿಷ್ ಟೀಚರೇ ಆದೆ. ರಾಯಚೂರಿನ ಶಾಲೆಗಳಲ್ಲಿ, ಗುಂಜಹಳ್ಳಿಯಿಂದ ಬಸ್ಸಿನಲ್ಲಿ ಬರುವ ಮಕ್ಕಳಿಗೂ ಪೇಟೆಯ ವ್ಯಾಪಾರಿಗಳ ಮಕ್ಕಳಿಗೂ, ಮೈ, ಮೈನ್ ಕಲಿಸುತ್ತ ತಲೆ ಹಣ್ಣಾಯಿತು. ಕೊಕ್ಕೆ ಮತ್ತು ಎಸ್ ಬಂದಾಗಲೆಲ್ಲ ಚಾಕ್ ಕೈಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು. ಪುಸ್ತಕದಲ್ಲಿ ಇರುವ ರಾಮನ ಪೆನ್ನು, ಸೀತೆಯ ಚೀಲಗಳನ್ನೇ ಬರೆದು ಮುಂದೆ ಹೋಗುತ್ತಿದ್ದೆ. ಮಹಾದೇವಿ ಮಾನ್ವಿಯಲ್ಲೇ ಉಳಿದಳು. ಮದುವೆ ಮುಂಜಿಗಳಲ್ಲಿ ಸಿಕ್ಕರೆ 'ಉಂಡ್ಯಾ?' 'ಉಂಡೆ' ಎನ್ನುವಷ್ಟೇ ಮಾತು. ಪುಟ ಹರಿದವಳ ಜೊತೆ, ಸರಿಯಾದ ಹೊತ್ತಿಗೆ ಬಗ್ಗಿ ನೋಡಿ ಕೂಗಿದವಳ ಜೊತೆ ನನಗೇನು ಮಾತು? ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆಗೇ ಇದ್ದಾಳೆ. ಬೆಳಿಗ್ಗೆ ಗ್ಯಾಲರಿಯಲ್ಲಿ ಕೂತು, ತರಕಾರಿ ಗಾಡಿಯವನ ತಕ್ಕಡಿಯನ್ನು ಮೇಲಿನಿಂದಲೇ ಪರೀಕ್ಷೆ ಮಾಡುತ್ತಾಳೆ. ಅವಳಿಗೂ ಅತ್ತೆಯ ಗಾಳಿ ತಾಕಿದೆ.

ಹೋದ ತಿಂಗಳು ಮಹಾದೇವಿ ಫೋನ್ ಸಹ ಮಾಡದೆ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಗೋಣಿಚೀಲ. ಇಷ್ಟು ವರ್ಷ ಬಾರದವಳು ಈಗ ಯಾಕೆ ಬಂದಳು, ಸಹಿ ಏನಾದರೂ ಬೇಕಿರಬೇಕು ಎಂದುಕೊಂಡು ಬಾಗಿಲನ್ನು ಅರ್ಧ ಹಿಡಿದೇ ನಿಂತೆ. ಅವಳು ನನ್ನನ್ನು ಸರಿಸಿ ಒಳಗೆ ಬಂದಳು. ಚೀಲದಿಂದ ಬೋಗುಣಿ ತೆಗೆದು ಅವ್ವನ ಮುಂದೆ ಇಟ್ಟಳು.

"ಹಳೇ ಮನಿ ಕೆಡವಾಕತ್ತೀವಿ, ಚಿಗವ್ವ. ಆಯಿ ಮಂಚದ ಬುಡಕಿತ್ತು. ನಮ್ಮವ್ವ ಹೋಗೋ ಮುಂದ ಹೇಳಿದ್ಲು, 'ಅದು ಗಿರಿಜಾಂದು, ನಂಗ ಗೊತ್ತಿತ್ತು, ಮುಟ್ಟಿಸು' ಅಂತ."

ಅವ್ವ ಬೋಗುಣಿಯನ್ನು ಮಡಿಲಿಗೆ ಎಳೆದುಕೊಂಡಳು. ಯಾರೂ ತಿಕ್ಕಿರಲಿಲ್ಲ, ಹಸಿರುಗಟ್ಟಿತ್ತು. ತಿಕ್ಕದೆ ಇದ್ದದ್ದಕ್ಕೇ ಗೀರು ಇದ್ದ ಹಾಗೇ ಉಳಿದಿತ್ತು. ಅವ್ವನ ಬೆರಳು ನೇರವಾಗಿ ಕಿವಿಯ ಕೆಳಗೆ ಹೋಯಿತು, ಹುಡುಕಲಿಲ್ಲ. ಅಷ್ಟು ವರ್ಷ ಒಳಗೆ ಕೂತಿದ್ದದ್ದು ನನ್ನ ಬಾಯಿಂದ ಬಂದುಬಿಟ್ಟಿತು.

"ಯವ್ವಾ, ಅದನ್ನ ಬರದಾಕಿ ನಾನು."

"ಗೊತ್ತದ" ಎಂದಳು ಅವ್ವ. "ಅರಿಷಿಣ ಹಚ್ಚಿದಾಕಿ ನಾನs ಅಲ್ಲೇನು? ಬಾಗಲಕ್ಕ ಸಿಕ್ಕ ಕೈ ಹಂಗ ಹರಿತದೇನು? ಮರುದಿನ ತಿಕ್ಕೋ ಮುಂದ ಕೈಗೆ ಹತ್ತಿತು. ನಿನ್ನ ಪುಸ್ತಕದಾಗೂ ಅಂಥಾದ್ದs ಗೆರಿ ಇದ್ವು. ಆ ಹಾಳಿ ಹರಕೊಂಡು ಹೋಗಿ ನಿಮ್ಮಪ್ಪಗ ತೋರಿಸಿ ಓದಿಸಿದೆ. ಓದಿ ನಕ್ಕರು."

ನಾನು ಮಹಾದೇವಿಯ ಕಡೆ ನೋಡಲಾರದೆ ಹೋದೆ. ಅವಳು ಏನೂ ತಿಳಿಯದೆ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ನಲವತ್ತು ವರ್ಷಕ್ಕೂ ಮೇಲೆ ನಾನು ಅವಳಿಗೆ ಹೊರಿಸಿದ್ದ ಕಳ್ಳತನ ಅವಳಿಗೇ ಗೊತ್ತಿರಲಿಲ್ಲ.

"ಮತ್ತ ಅವತ್ತು ಅಪ್ಪ ಯಾಕ ಸುಮ್ಮನ ಕುಂತ?" ಎಂದೆ. ನನ್ನ ದನಿ ಏರಿತ್ತು.

"ನಾನs ಕಣ್ಣಸನ್ನಿ ಮಾಡಿದೆ. ನೀ ಬರದೀ ಅಂತ ತಿಳಿದ್ರ ನಿನ್ನ ಸಾಲಿ ಬಿಡಸ್ತಿದ್ರು ಅತ್ತಿ. ಬೋಗಾಣಿ ಹೋದ್ರ ಹೋತು."

"ಅದಕ್ಕ ಮೊದ್ಲs ಉಸುಕು ಹಚ್ಚಿ ತಿಕ್ಕಿ ಅಳಿಸಿಬಿಡಬೇಕಿತ್ತಲ್ಲವ್ವ. ನಿನಗ ಗೊತ್ತಿತ್ತಲ್ಲ, ಮನಿಯಾಗ ಆ ಹೆಸರು ಯಾರದು ಅಂತ!"

ಅವ್ವನ ಬೆರಳು ಗೀರಿನ ಮೇಲೆ ಓಡಾಡುತ್ತಿತ್ತು.

"ಅಳಸಾಕ ಕುಂತಿದ್ದೆ. ಹುಣಸಿಹಣ್ಣು, ಉಸುಕು ಎಲ್ಲಾ ತಗೊಂಡು ಕುಂತಿದ್ದೆ. ಕೈ ಬರಲಿಲ್ಲ. ನನ್ನ ಹೆಸರು ಯಾರಾರ ಬರದದ್ದು ಅದs ಒಂದ ಸಲ."

ಮಹಾದೇವಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಅವ್ವನ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಹಾಗೆ ಕೂತಾಗ, ಅವಳು ಅಷ್ಟು ವರ್ಷ ಆ ಹೆಸರನ್ನು ಒಮ್ಮೆಯೂ ಅಂದಿಲ್ಲ ಎನ್ನುವುದು ನೆನಪಾಯಿತು. ಆಯಿ ಸತ್ತ ಮೇಲೂ ಅಂದಿಲ್ಲ.

"ಏನಂತ ಬರದದ, ನೀನs ಓದಿ ಹೇಳವ್ವ" ಎಂದೆ.

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬಾಗಿಲ ಕಡೆ ಒಮ್ಮೆ ನೋಡಿದಳು, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಬೋಗುಣಿಯ ಮೇಲೆ ಬಗ್ಗಿ, ಬಹಳ ಮೆಲ್ಲಗೆ ಹೇಳಿದಳು.

"ನೀಲಮ್ಮಂದು."